ಬೇವು ಕಟ್ಟಿದ ಬಾಗಿಲು

ದ್ರಾಕ್ಷಿ ಕುದಿಸುವ ಕೆಲಸ ವಿಮಲಮ್ಮನದು. ತಿಂಗಳ ಮೊದಲನೆಯ ಭಾನುವಾರ ಶಿವಮೊಗ್ಗದ ಕ್ರೈಸ್ತ ದೇವಾಲಯದಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಹಿಂದಿನ ದಿನ ಬೆಳಿಗ್ಗೆಯೇ ಅವಳು ಒಣದ್ರಾಕ್ಷಿ ನೆನೆಹಾಕಿ, ಮಧ್ಯಾಹ್ನ ಸಣ್ಣ ಉರಿಯಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಸೀಸೆಗೆ ತುಂಬಿ ಪಾದ್ರಿ ಅಯ್ಯನವರ ಮನೆಗೆ ಒಪ್ಪಿಸಿ ಬರುತ್ತಿದ್ದಳು. ಒಂಬತ್ತು ವರ್ಷಗಳಲ್ಲಿ ಆ ರಸ ಒಮ್ಮೆಯೂ ಕೆಟ್ಟಿರಲಿಲ್ಲ, ಸೀದಿರಲಿಲ್ಲ. ಆದರೆ ಹನ್ನೊಂದು ತಿಂಗಳಿಂದ ಅವಳು ಅದನ್ನು ಬಾಯಿಗೆ ಮುಟ್ಟಿಸಿರಲಿಲ್ಲ. ಉಳಿದವರು ಸಾಲಾಗಿ ಮುಂದೆ ಹೋಗಿ ಮೊಣಕಾಲೂರುವಾಗ ಅವಳು ಹಿಂದಿನ ಬೆಂಚಿನಲ್ಲಿ, ಕಂಬದ ಮರೆಗೆ, ಸೆರಗು ತಲೆಯ ಮೇಲೆಳೆದುಕೊಂಡು ಕೂತಿರುತ್ತಿದ್ದಳು. ಒಂದು ತಿಂಗಳು ತಲೆನೋವೆಂದಳು. ಮುಂದಿನ ತಿಂಗಳು ಹೊಟ್ಟೆ ಸರಿಯಿಲ್ಲವೆಂದಳು. ಆಮೇಲೆ ಕೇಳುವವರು ಕೇಳುವುದನ್ನು ಬಿಟ್ಟರು.

ಅವಳನ್ನು ಎಲ್ಲರೂ ಉಪದೇಶಿಯಮ್ಮ ಎನ್ನುತ್ತಿದ್ದರು. ವಯಸ್ಸು ಮೂವತ್ತನಾಲ್ಕು; ಮದುವೆಯಾಗಿರಲಿಲ್ಲ; ದೇವಾಲಯದ ಹಿಂದಿನ ಒಂಟಿ ಕೋಣೆಯಲ್ಲಿ ವಾಸ. ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳುವುದು, ಹೆಂಗಸರಿಗೆ ಅಕ್ಷರ ಕಲಿಸುವುದು, ಕಾಯಿಲೆಯವರ ಪಕ್ಕ ಕೂತು ಪ್ರಾರ್ಥಿಸುವುದು ಅವಳ ಕೆಲಸ. ಬುಧವಾರ ಬುಧವಾರ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿದ್ದಳು. ಅಲ್ಲಿ ಕಾರ್ಖಾನೆಯ ಲೈನು ಮನೆಗಳಲ್ಲಿ ಏಳು ಕ್ರೈಸ್ತ ಸಂಸಾರಗಳಿದ್ದವು. ಆ ಮನೆಗಳ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಅಕ್ಕಿಯಿಂದ ಒಂದು ಹಿಡಿ ತೆಗೆದು ದೇವರ ಹೆಸರಿನಲ್ಲಿ ಬೇರೆ ಮಡಕೆಗೆ ಹಾಕುವರು. ವಾರಕ್ಕೊಮ್ಮೆ ವಿಮಲಮ್ಮ ಅದನ್ನು ಬಟ್ಟೆಯ ಚೀಲಕ್ಕೆ ಸುರಿದುಕೊಂಡು ಬರಬೇಕು. ದಿಕ್ಕಿಲ್ಲದವರ ಊಟಕ್ಕೆ ಆ ಅಕ್ಕಿ. ಹಿಡಿ ಅಕ್ಕಿ ಕೊಡುವವಳು ಸಭೆಯವಳು. ಯಾರ ಅಕ್ಕಿಯನ್ನು ಸಭೆ ಮುಟ್ಟುವುದಿಲ್ಲವೋ ಅವಳು ಹೊರಗಿನವಳು. ಹೀಗೆಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಏಳು ಮನೆಯ ಚೀಲಕ್ಕೆ ಈಗ ಆರು ಮನೆಯ ಅಕ್ಕಿ ಬೀಳುತ್ತಿತ್ತು. ಏಳನೆಯ ಮನೆ ಚಿನ್ನಮ್ಮನದು.

ಚಿನ್ನಮ್ಮ ಸೇಲಂ ಕಡೆಯವಳು. ಗಂಡ ಕಾರ್ಖಾನೆಯ ಕೆಲಸಕ್ಕೆಂದು ಕರೆತಂದಿದ್ದ. ಅವನು ತೀರಿಕೊಂಡ ಮೇಲೆ ಗೇಟಿನೆದುರು ಇಡ್ಲಿ ಮಾರಿಕೊಂಡು ಮಗಳನ್ನು ಸಾಕಿದಳು. ಮಗಳು ಸುಗುಣ. ಹದಿನೆಂಟು ವರ್ಷದ ಈ ಹುಡುಗಿಗೆ ಅಕ್ಷರ ಕಲಿಸಿದವಳು ವಿಮಲಮ್ಮನೇ. ಕಲಿತ ಮೇಲೆ ಸುಗುಣ ಇಡೀ ಸಾಲಿನವರಿಗೆ ಕಾಗದ ಬರೆದುಕೊಡುತ್ತಿದ್ದಳು, ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದಳು, ಓದುತ್ತ ಕಾಗದ ಬರೆದವರ ದನಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದಳು. ವಿಮಲಮ್ಮನ ಚಪ್ಪಲಿಯ ಅಟ್ಟೆ ಒಂದು ಕಡೆ ಬಿಟ್ಟುಕೊಂಡು, ನಡೆದರೆ ಪಟಪಟ ಎನ್ನುತ್ತಿತ್ತು. ಅದು ಗಲ್ಲಿಯ ಕೊನೆಯಲ್ಲಿ ಕೇಳಿಸಿದೊಡನೆ ಸುಗುಣ ಒಳಗಿನಿಂದಲೇ, "ಅಮ್ಮಾ, ನಮ್ಮ ಅಕ್ಕನ ಬ್ಯಾಂಡ್ ಬಂತು, ಕಾಫಿಗಿಡು" ಎಂದು ಕೂಗುವಳು. ವಿಮಲಮ್ಮ ಅಟ್ಟೆ ಹೊಲಿಸಲೇ ಇಲ್ಲ. ತಾನು ಬರುವುದನ್ನು ಕಾದು ಕೇಳಿಸಿಕೊಳ್ಳುವವರು ಜಗತ್ತಿನಲ್ಲಿ ಸುಗುಣ ಒಬ್ಬಳೇ.

ಕಳೆದ ಮಾರ್ಚ್ ತಿಂಗಳ ಬುಧವಾರವೊಂದರಂದು ವಿಮಲಮ್ಮ ಎಂದಿನಂತೆ ಆ ಗಲ್ಲಿಗೆ ಬಂದಳು. ಚಿನ್ನಮ್ಮನ ಬಾಗಿಲ ಮೇಲೆ ಬೇವಿನ ಸೊಪ್ಪಿನ ಗೊಂಚಲು ಕಟ್ಟಿತ್ತು. ಹೊಸ್ತಿಲಿಗೆ ಅರಿಸಿನ ನೀರು ಚಿಮುಕಿಸಿತ್ತು. ಅದರ ಅರ್ಥ ಆ ಊರಿನಲ್ಲಿ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಒಳಗೆ ಸಿಡುಬು ಎದ್ದಿದೆ, ಹೊರಗಿನವರು ಬರಬೇಡಿ.

ವಿಮಲಮ್ಮನ ತಾಯಿ ಸತ್ತದ್ದು ಸಿಡುಬಿನಲ್ಲಿ. ಆಗ ಇವಳಿಗೆ ಒಂಬತ್ತು ವರ್ಷ. ತಾಯಿಯ ಮುಖ ಕಡೆಯಲ್ಲಿ ಹೇಗಾಗಿತ್ತೆಂಬುದನ್ನು ಇಪ್ಪತ್ತೈದು ವರ್ಷವಾದರೂ ಯಾರಿಗೂ ಹೇಳಿರಲಿಲ್ಲ. ಈಗ ಅವಳ ತೋಳಿನ ಮೇಲೆ ಸಿಡುಬು ಬಾರದಂತೆ ದಾಕು ಹಾಕಿದ ಎರಡು ಗುರುತುಗಳಿದ್ದವು, ಹೆದರಬೇಕಾಗಿರಲಿಲ್ಲ. ಬುದ್ಧಿ ಅದನ್ನು ಹೇಳಿತು. ಆದರೂ ಹೊಸ್ತಿಲು ದಾಟಲಿಲ್ಲ.

ಒಳಗಿನಿಂದ ದನಿ ಬಂತು. ಒಣಗಿದ ದನಿ, ಆದರೂ ಗುರುತು ಸಿಕ್ಕುವಂಥದು.

"ಅಮ್ಮಾ, ಅಕ್ಕ ಬಂದ್ರಾ? ಚಪ್ಪಲಿ ಸದ್ದು ಕೇಳಿಸ್ತು."

ವಿಮಲಮ್ಮ ಬಗ್ಗಿ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಬರಿಗಾಲಲ್ಲಿ, ಕಾದ ನೆಲದ ಮೇಲೆ, ಸದ್ದಾಗದಂತೆ ಗಲ್ಲಿಯ ಕೊನೆಯವರೆಗೆ ನಡೆದಳು. ಮೂಲೆ ತಿರುಗಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿನವರೆಗೆ ಓಡಿದಳು.

ಅಷ್ಟೇ ಆಗಿದ್ದರೆ ಅದನ್ನು ಹೆದರಿಕೆ ಎನ್ನಬಹುದಿತ್ತು. ಶುಕ್ರವಾರ ಸಭೆಯ ಹಿರಿಯರು ಕೂಡಿದಾಗ ಅಯ್ಯನವರು ಚಿನ್ನಮ್ಮನ ಅಕ್ಕಿ ಯಾಕೆ ಬಂದಿಲ್ಲವೆಂದು ಸಹಜವಾಗಿ ಕೇಳಿದರು. ವಿಮಲಮ್ಮನ ಬಾಯಿಂದ ಸುಲಭವಾಗಿ ಹೊರಬಿತ್ತು: ಆ ಸಾಲಿನಲ್ಲಿ ಮಾರಿಗೆ ಬೇವು ಕಟ್ಟಿದ್ದಾರೆ, ಚಿನ್ನಮ್ಮನ ಬಾಗಿಲಿಗೂ ಕಟ್ಟಿದೆ. ಹಿರಿಯರೊಬ್ಬರು ನಿಟ್ಟುಸಿರುಬಿಟ್ಟು, ಹಳೆಯ ದೇವರ ಪೂಜೆ ಅಷ್ಟು ಬೇಗ ಬಿಡುವುದಿಲ್ಲ ಎಂದರು. ಅಯ್ಯನವರು ಮಾತ್ರ ಕನ್ನಡಕ ತೆಗೆದು ಅವಳನ್ನೇ ನೋಡಿ ಕೇಳಿದರು.

"ಮನೇಲಿ ಯಾರಿಗಾದ್ರೂ ಕಾಯಿಲೆಯೇನಮ್ಮ?"

"ಗೊತ್ತಿಲ್ಲ ಅಯ್ಯಾ. ಒಳಗಿಂದ ಯಾರೂ ಮಾತಾಡ್ಲಿಲ್ಲ."

ವಿಚಾರಣೆ ಆಗುವವರೆಗೆ ಚಿನ್ನಮ್ಮನನ್ನು ಭೋಜನದಿಂದ ಹೊರಗಿಡುವುದೆಂದೂ, ಅವಳ ಮನೆಯ ಹಿಡಿ ಅಕ್ಕಿ ತರಬಾರದೆಂದೂ ತೀರ್ಮಾನವಾಯಿತು. ಆ ಮನೆಗೆ ಹೋಗಬೇಡ ಎಂದು ಈಗ ಸಭೆಯೇ ಹೇಳಿದಂತಾಯಿತು. ಎಂಥ ನೆಮ್ಮದಿ. ಆ ಸಂಜೆ ತನಗೆ ಹಸಿವಾದದ್ದನ್ನು, ಎರಡು ಸಲ ಬಡಿಸಿಕೊಂಡು ಉಂಡದ್ದನ್ನು ವಿಮಲಮ್ಮ ಇವತ್ತಿಗೂ ಮರೆತಿಲ್ಲ.

ಎರಡು ಬುಧವಾರ ಜ್ವರವೆಂದು ಹೇಳಿ ಅವಳು ಭದ್ರಾವತಿಗೇ ಹೋಗಲಿಲ್ಲ. ಮೂರನೆಯ ವಾರ ಹೋದಾಗ ಸ್ಟೇಷನ್ನಿನ ಹೊರಗೆ ಜಟಕಾ ಹೊಡೆಯುವ ಇನಾಯತುಲ್ಲಾ ಸಿಕ್ಕಿದ. ಚಿನ್ನಮ್ಮನ ಮನೆಯಿಂದ ನಾಲ್ಕನೆಯ ಮನೆ ಅವನದು. ಕುದುರೆಗೆ ಹುಲ್ಲು ಹಾಕುತ್ತಿದ್ದವನು ಇವಳನ್ನು ಕಂಡು ಕೈ ಒರೆಸಿಕೊಂಡು ಬಂದ.

"ಆ ಹುಡುಗಿ ಹೋಗ್ಬಿಟ್ಲು ಅಮ್ಮಾ. ನಿಮಗೆ ತಿಳಿಸೋಣ ಅಂದ್ರೆ ಕಾಗದ ಬರೆಯೋಳೇ ಅವಳು. ನಾನೂ ಲೈನಿನವರೂ ಸೇರಿ ಮಣ್ಣು ಮಾಡಿದ್ವಿ. ನಿಮ್ಮಲ್ಲಿ ಏನು ಓದ್ತಾರೆ ಅಂತ ನಮಗೆ ತಿಳೀದು. ಸುಮ್ನೆ ನಿಂತಿದ್ವಿ, ಸ್ವಲ್ಪ ಹೊತ್ತು."

ಬೇವು ಯಾರು ಕಟ್ಟಿದ್ದು ಎಂದು ವಿಮಲಮ್ಮ ಕೇಳಿದಳು. ಆ ಹೊತ್ತಿನಲ್ಲಿ ಅದೇ ಯಾಕೆ ಬೇಕಾಯಿತೆಂದು ಅವನಿಗೆ ಅರ್ಥವಾಗಿರಲಾರದು. ಪಕ್ಕದ ಮನೆಯ ಯಲ್ಲಮ್ಮ ಕಟ್ಟಿದ್ದೆಂದ. ಚಿನ್ನಮ್ಮ ಮಗಳ ಹಾಸಿಗೆ ಬಿಟ್ಟು ಏಳಲೇ ಇಲ್ಲವಂತೆ. ಬಾಗಿಲ ಮೇಲೆ ಸೊಪ್ಪಿದೆಯೆಂಬುದು ಅವಳಿಗೆ ಹೆಣ ಎತ್ತುವ ದಿನವೇ ಗೊತ್ತಾದದ್ದಂತೆ.

ಅಲ್ಲಿಂದ ಹನ್ನೊಂದು ತಿಂಗಳು.

ಬೇರೆಯವರಿಗಾಗಿ ಪ್ರಾರ್ಥಿಸುವುದು ವಿಮಲಮ್ಮನಿಗೆ ಕಷ್ಟವಾಗುತ್ತಿರಲಿಲ್ಲ. ಅಭ್ಯಾಸವಾದ ನಾಲಗೆ ತಾನೇ ಹೇಳಿಕೊಂಡು ಹೋಗುತ್ತಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ತನ್ನ ಸಲುವಾಗಿ ಮೊಣಕಾಲೂರಿದರೆ ಮಾತ್ರ ಕಿವಿ ತೆರೆದುಕೊಳ್ಳುತ್ತಿತ್ತು. ಅಕ್ಕ ಬಂದ್ರಾ ಎಂಬ ದನಿ. ಹೌದೆನ್ನಲು ಸಾಧ್ಯವಿರಲಿಲ್ಲ, ಇಲ್ಲವೆನ್ನಲೂ. ಎದ್ದು ಗೋಡೆಗೆ ಹಣೆಯೊತ್ತಿ ನಿಲ್ಲುವಳು. ಚಪ್ಪಲಿ ಹೊಲಿಸಿದಳು, ಸದ್ದು ನಿಂತಿತು, ಕಿವಿಯೊಳಗಿನದು ನಿಲ್ಲಲಿಲ್ಲ. ಚಿನ್ನಮ್ಮನ ಕಾಲು ಹಿಡಿಯಬೇಕೆಂದು ಮೂರು ಸಲ ಆ ಗಲ್ಲಿಯ ಮೂಲೆಯವರೆಗೆ ಹೋಗಿ ಮೂರು ಸಲವೂ ತಿರುಗಿದಳು. ಕಾರ್ಖಾನೆಯ ಗೇಟಿನೆದುರು ಚಿನ್ನಮ್ಮ ಇಡ್ಲಿಯ ಪಾತ್ರೆ ಇಟ್ಟುಕೊಂಡು ಕೂತಿರುತ್ತಾಳೆಂದು ಸುತ್ತುದಾರಿ ಹಿಡಿದು ಉಳಿದ ಆರು ಮನೆಗಳಿಗೆ ಹೋಗಿ ಬರುತ್ತಿದ್ದಳು. ಒಮ್ಮೆ ದೂರದಿಂದ ಇಬ್ಬರ ಕಣ್ಣೂ ಕೂಡಿದವು. ಚಿನ್ನಮ್ಮ ಕರೆಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಯಾರಿಗೋ ಚಟ್ನಿ ಹಾಕಿದಳು.

ಐವತ್ತೊಂಬತ್ತನೆಯ ಇಸವಿಯ ಫೆಬ್ರವರಿಯ ಕೊನೆಯ ಶನಿವಾರ ದ್ರಾಕ್ಷಿ ಸೀದುಹೋಯಿತು. ಒಲೆಯ ಮುಂದೆಯೇ ಕೂತಿದ್ದಳು, ಪಾತ್ರೆಯನ್ನೇ ನೋಡುತ್ತಿದ್ದಳು, ನೀರಾರಿ, ಹಣ್ಣು ಕಪ್ಪಾಗಿ ತಳಕ್ಕೆ ಹತ್ತಿ, ಹೊಗೆ ಎದ್ದು ಕಣ್ಣಿಗೆ ಚುಚ್ಚಿದಾಗಲೇ ಎಚ್ಚರವಾದದ್ದು. ಉಜ್ಜಿದಳು, ಕೆರೆದಳು. ಆಮೇಲೆ ಸೀದ ಪಾತ್ರೆಯನ್ನು ಹಾಗೆಯೇ ಎರಡು ಕೈಯಲ್ಲಿ ಹಿಡಿದುಕೊಂಡು ಅಯ್ಯನವರ ಮನೆಗೆ ಹೋದಳು.

ಅಯ್ಯನವರು ಜಗಲಿಯ ಮೇಲೆ ಮರುದಿನದ ಪ್ರಸಂಗ ಬರೆಯುತ್ತ ಕೂತಿದ್ದರು. ದ್ರಾಕ್ಷಿಗೇನು, ಬೇರೆ ಕುದಿಸಿದರಾಯಿತು ಎಂದರು. ಅವಳು ಪಾತ್ರೆಯನ್ನು ಕೆಳಗಿಡದೆ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಚಪ್ಪಲಿ ಕಳಚಿದ್ದನ್ನು ಹೇಳಿದಳು. ಒಳಗಿಂದ ಯಾರೂ ಮಾತಾಡಲಿಲ್ಲವೆಂದು ಸುಳ್ಳು ಹೇಳಿದ್ದನ್ನು ಹೇಳಿದಳು. ಎರಡು ಸಲ ಬಡಿಸಿಕೊಂಡದ್ದನ್ನೂ ಬಿಡಲಿಲ್ಲ.

ಅವರು ಒಳ್ಳೆಯವರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಪಶ್ಚಾತ್ತಾಪಪಟ್ಟವರನ್ನು ದೇವರು ತಳ್ಳುವುದಿಲ್ಲ, ನಿನ್ನನ್ನು ಆಗಲೇ ಕ್ಷಮಿಸಿಯಾಗಿದೆ ಮಗಳೇ, ನಾಳೆ ಭೋಜನಕ್ಕೆ ಬಾ ಎಂದರು. ಎಷ್ಟೋ ಮನೆಗಳಲ್ಲಿ ಇದೇ ಮಾತನ್ನು ವಿಮಲಮ್ಮ ತಾನೇ ಹೇಳಿದ್ದಳು, ನಂಬಿಯೇ ಹೇಳಿದ್ದಳು. ಇವತ್ತು ಅದು ಬೇರೆ ಯಾರದೋ ಹೆಸರಿಗೆ ಬಂದ ಕಾಗದದಂತೆ ಕಂಡಿತು.

"ಯಾರನ್ನ ಕೇಳಿ ಕ್ಷಮಿಸಿದ ಅಯ್ಯಾ?" ಎಂದಳು. "ಸುಗುಣನ್ನ ಕೇಳಿದನಾ?"

ಅಂದ ಮೇಲೆ ತನ್ನ ಬಾಯಿಗೆ ತಾನೇ ಬೆಚ್ಚಿದಳು. ಅಯ್ಯನವರು ಗದರಲಿಲ್ಲ. ಒಳಗೆ ಹೋಗಿ ಕಾಗದ ಬರೆದು ತಂದರು. ತಪ್ಪು ತಿಳಿವಳಿಕೆಯಿಂದ ಚಿನ್ನಮ್ಮನನ್ನು ಸಭೆಯಿಂದ ದೂರವಿಡಲಾಗಿತ್ತೆಂದೂ, ಸಭೆ ವಿಷಾದಿಸುತ್ತದೆಂದೂ, ಇನ್ನು ಮುಂದೆ ಭೋಜನಕ್ಕೆ ಬರಬೇಕೆಂದೂ ಅದರಲ್ಲಿತ್ತು. ನಿನ್ನ ಹೆಸರು ಹಾಕಿಲ್ಲ ಎಂದು ಮೆಲ್ಲಗೆ ಹೇಳಿದರು. ನಾಲ್ಕು ಮನೆಗೆ ಹೋಗಿ ಕೆಲಸ ಮಾಡುವವಳು, ಜನರ ಬಾಯಿಗೆ ಬೀಳುವುದು ಬೇಡ.

ಮರುದಿನವೂ ಅವಳು ಕಂಬದ ಮರೆಗೇ ಕೂತಳು.

ಸೋಮವಾರ ಬೆಳಗಿನ ರೈಲಿನಲ್ಲಿ ಹೊರಟಳು. ಡಬ್ಬಿಯ ತುಂಬ ಕಾರ್ಖಾನೆಯ ಪಾಳಿಗೆ ಹೊರಟವರು. ಬುತ್ತಿಯ ವಾಸನೆ, ಬೀಡಿಯ ಹೊಗೆ, ಅರ್ಧ ಕನ್ನಡ ಅರ್ಧ ತಮಿಳಿನ ತಮಾಷೆ. ಮಲವಗೊಪ್ಪದ ಹೊಲಗಳು ಹಿಂದೆ ಸರಿದವು. ಹೋಗಿ ಏನೆನ್ನಬೇಕೆಂದು ಎಷ್ಟು ಜೋಡಿಸಿದರೂ ಮೊದಲ ಮಾತು ಸಿಕ್ಕಲಿಲ್ಲ. ಸಿಕ್ಕಿದವೆಲ್ಲ ತನ್ನನ್ನು ಉಳಿಸಿಕೊಳ್ಳುವ ಮಾತುಗಳು.

ಸ್ಟೇಷನ್ನಿನಿಂದ ನಡೆದು ಹೊಳೆಯ ಸೇತುವೆಯವರೆಗೆ ಬಂದವಳಿಗೆ ಮುಂದೆ ಹೆಜ್ಜೆ ಬರಲಿಲ್ಲ. ಭದ್ರೆ ಬೇಸಗೆಗೆ ಇಳಿದು ಬಂಡೆಗಳ ಸಂದಿಯಲ್ಲಿ ಹರಿಯುತ್ತಿದ್ದಳು. ಇಷ್ಟು ನೀರಿನಲ್ಲಿ ಮುಳುಗುವುದಕ್ಕೂ ಆಗುವುದಿಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮೈ ತಣ್ಣಗಾಗಿ ಸೇತುವೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ.

ಹಿಂದಿನಿಂದ ಜಟಕಾ ಬಂದು ನಿಂತಿತು. "ಅಲ್ಲೇನು ಮೀನು ಎಣಿಸ್ತೀರಾ ಅಮ್ಮಾ, ಹತ್ತಿ" ಎಂದ ಇನಾಯತುಲ್ಲಾ. ಅವಳು ಬೇಡವೆಂದಳು. "ನನ್ನ ಕುದುರೆಗೆ ನಿಮ್ಮಂಥೋರು ಭಾರವೇ ಅಲ್ಲ. ಮೊನ್ನೆ ಶ್ರೀನಿವಾಸಮೂರ್ತಿ ಮೇಷ್ಟ್ರನ್ನ ಎಳೆದಿದೆ, ಸಂಸಾರ ಸಮೇತ."

ಹತ್ತಿದಳು. ದಾರಿಯಲ್ಲಿ ಅವನು ಕುದುರೆಯ ಜೊತೆ ಅರ್ಧ, ಇವಳ ಜೊತೆ ಅರ್ಧ ಮಾತಾಡುತ್ತ ಸುದ್ದಿ ಹೇಳಿದ. ಈ ವರ್ಷವೂ ಸಾಲಿನಲ್ಲಿ ಸಿಡುಬು ಕಾಣಿಸಿದೆ. ಯಲ್ಲಮ್ಮನ ಸೊಸೆ ಮಲಗಿದ್ದಾಳೆ, ಆರು ದಿನವಾಯಿತು. ಯಲ್ಲಮ್ಮನಿಗೂ ಜ್ವರ. ಮಗ ಮೂಲೆಯಲ್ಲಿ ಕೂತು ಅಳುತ್ತಾನೆಯೇ ಹೊರತು ಹತ್ತಿರ ಹೋಗುವುದಿಲ್ಲ. ಚಿನ್ನಮ್ಮನೇ ಹೋಗಿ ಬಂದು ನೋಡಿಕೊಳ್ಳುತ್ತಾಳೆ. ಅವಳಿಗೆ ಚಿಕ್ಕಂದಿನಲ್ಲೇ ಎದ್ದು ಹೋಗಿದೆ, ಮುಖದ ತುಂಬ ಕಲೆಯಿಲ್ಲವೇ. ಇಡ್ಲಿ ವ್ಯಾಪಾರ ನಿಲ್ಲಿಸಿದ್ದಾಳೆ.

ವಿಮಲಮ್ಮನ ಕೈ ತಾನೇ ಜಟಕಾದ ಕಂಬಿ ಹಿಡಿಯಿತು. ಮೂಲೆಯಲ್ಲಿ ಇಳಿದುಬಿಡಬೇಕೆಂದುಕೊಂಡಳು. ಆದರೆ ಇನಾಯತುಲ್ಲಾ ಮೂಲೆಯಲ್ಲಿ ನಿಲ್ಲಿಸಲಿಲ್ಲ. ಗಲ್ಲಿಯೊಳಕ್ಕೇ ನುಗ್ಗಿಸಿ ಚಿನ್ನಮ್ಮನ ಹೊಸ್ತಿಲಿನ ಮುಂದೆ ಲಗಾಮು ಎಳೆದ.

ಆ ಬಾಗಿಲ ಮೇಲೆ ಸೊಪ್ಪಿರಲಿಲ್ಲ. ಪಕ್ಕದ ಬಾಗಿಲ ಮೇಲೆ ಇತ್ತು.

ಚಿನ್ನಮ್ಮ ಒಲೆಯ ಮುಂದಿನಿಂದ ತಲೆ ಎತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈ ಹೆಂಗಸು ತನಗಿಂತ ಎಷ್ಟೋ ಚಿಕ್ಕವಳಾದ ವಿಮಲಮ್ಮನನ್ನು ಯಾವಾಗಲೂ ನೀವು, ತಾವು ಎಂದೇ ಮಾತಾಡಿಸಿದವಳು; ಉಪದೇಶಿಯಮ್ಮ ಬಂದರೆ ತಾನು ನಿಂತೇ ಇರುತ್ತಿದ್ದಳು. ಇವತ್ತು ಏಳಲಿಲ್ಲ.

"ಬಂದ್ಯಾ" ಎಂದಳು.

ವಿಮಲಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಸೆರಗಿನಿಂದ ಕಾಗದ ತೆಗೆದು ಮುಂದೆ ಚಾಚಿದಳು. ಓದು ಎಂದಳು ಚಿನ್ನಮ್ಮ. ಈ ಮನೆಯಲ್ಲಿ ಓದುವವರು ಈಗ ಯಾರಿದ್ದಾರೆ ಎನ್ನಲಿಲ್ಲ, ಅನ್ನಬೇಕಾಗಿರಲಿಲ್ಲ. ವಿಮಲಮ್ಮ ಓದಿದಳು. ತಪ್ಪು ತಿಳಿವಳಿಕೆ ಎಂಬಲ್ಲಿ ತಡವರಿಸಿ, ಕಡೆಯವರೆಗೂ ಓದಿದಳು.

"ಯಾರ ತಪ್ಪು ಅಂತ ಬರೆದಿಲ್ವಾ?"

"ಇಲ್ಲ."

"ಹಾಗಾದ್ರೆ ಅದನ್ನ ನೀನೇ ಇಟ್ಕೋ."

ಒಲೆಯಲ್ಲಿ ಸೌದೆ ಸಿಡಿಯಿತು. ವಿಮಲಮ್ಮ ನೆಲ ನೋಡುತ್ತ ಹೇಳತೊಡಗಿದಳು. ಆವತ್ತು ಬಾಗಿಲವರೆಗೂ ಬಂದಿದ್ದೆ. ಸುಗುಣ ಕರೆದದ್ದು ಕೇಳಿಸಿತು. ಹೆದರಿದೆ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು...

"ನೋಡಿದೆ" ಎಂದಳು ಚಿನ್ನಮ್ಮ. "ಕಿಟಕಿ ಹತ್ರಾನೇ ಇದ್ದೆ. ಬಿಸಿ ನೆಲದ ಮೇಲೆ ಕಾಲೆತ್ತಿ ಎತ್ತಿ ಇಡ್ತಾ ಹೋದೆ ನೀನು."

ವಿಮಲಮ್ಮ ತಲೆಯೆತ್ತಿದಳು. ಹನ್ನೊಂದು ತಿಂಗಳು ಬಚ್ಚಿಟ್ಟುಕೊಂಡದ್ದು ಮೊದಲ ದಿನದಿಂದಲೇ ಇವಳ ಕಣ್ಣಲ್ಲಿತ್ತು.

"ಅವಳು ಮತ್ತೆ ಮತ್ತೆ ಕೇಳಿದ್ಲು, ಅಕ್ಕ ಬಂದ್ರಾ, ಅಕ್ಕ ಬಂದ್ರಾ ಅಂತ. ಇಲ್ಲ ಕಂದಾ, ರೈಲು ತಪ್ಪಿರ್ಬೇಕು ಅಂದೆ. ಮುಂದಿನ ಬುಧವಾರ ಬರ್ತಾರೆ ಅಂದೆ. ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿಹೋಗಿತ್ತು ಅವಳಿಗೆ, ರೆಪ್ಪೆ ಮೇಲೆಲ್ಲ ಎದ್ದಿತ್ತು. ರೈಲು ಕೂಗಿದಾಗಲೆಲ್ಲ ತಲೆ ಈ ಕಡೆ ತಿರುಗಿಸೋಳು. ಒಂಬತ್ತು ದಿವಸ. ನೀನು ರೈಲಲ್ಲಿದೀಯ ಅಂತಾನೇ ಅಂದ್ಕೊಂಡು ಹೋದ್ಲು."

ವಿಮಲಮ್ಮನಿಗೆ ಅಳು ಬರಲಿಲ್ಲ. ಬಂದಿದ್ದರೆ ಸಹಿಸಬಹುದಿತ್ತು. ನೆಲಕ್ಕೆ ಹಣೆಯಿಟ್ಟಳು. ಆ ಮಣ್ಣಿನ ನೆಲದಲ್ಲಿ ಎಲ್ಲಿ ಹಾಸಿಗೆಯಿತ್ತೋ, ಯಾವ ಕಡೆಗೆ ತಲೆಯಿತ್ತೋ.

"ಸುಳ್ಳು ಹೇಳಿದ್ದು ನಿನಗೋಸ್ಕರ ಅಲ್ಲ" ಎಂದಳು ಚಿನ್ನಮ್ಮ. "ಅವಳಿಗೋಸ್ಕರ. ನಿನ್ನ ಮೇಲೆ ನನಗೆ ಎಷ್ಟು ಹೊಟ್ಟೆ ಉರಿದಿದೆ ಅಂದ್ರೆ, ಗೇಟಿನ ಹತ್ರ ನಿನ್ನ ನೋಡಿದ ದಿನ ಕೈಲಿದ್ದ ಚಟ್ನಿ ಸೌಟಲ್ಲೇ ಹೊಡೀಬೇಕು ಅನ್ನಿಸ್ತು."

"ಹೊಡೀರಿ."

"ಹೊಡೆದ್ರೆ ನಿನಗೆ ಹಗುರಾಗುತ್ತೆ. ನನಗೇನಾಗುತ್ತೆ?"

ಗಂಜಿ ಉಕ್ಕಿತು. ಚಿನ್ನಮ್ಮ ಮುಚ್ಚಳ ತೆಗೆದು ತಿರುವಿ, ಉರಿ ಹಿಂದಕ್ಕೆಳೆದಳು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಮೂಲೆಯಿಂದ ಒಂದು ಎಣ್ಣೆ ಡಬ್ಬವನ್ನು ನೆಲದ ಮೇಲೆ ಎಳೆದುಕೊಂಡು ಬಂದು ವಿಮಲಮ್ಮನ ಮುಂದೆ ನಿಲ್ಲಿಸಿದಳು. ಡಬ್ಬದ ತುಂಬ ಅಕ್ಕಿ. ಮೇಲೆಲ್ಲ ನುಸಿ ಹರಿದಾಡುತ್ತಿತ್ತು, ಅಲ್ಲಲ್ಲಿ ಬಲೆ ಕಟ್ಟಿ ಗಂಟುಗಂಟಾಗಿತ್ತು.

ಏನೆಂದು ಕೇಳಬೇಕಾಗಿರಲಿಲ್ಲ. ಹಿಡಿ ಅಕ್ಕಿ. ಯಾರೂ ಬರದ ಮನೆಯಲ್ಲಿ, ಯಾರೂ ಮುಟ್ಟಬಾರದೆಂದು ಸಭೆ ಹೇಳಿದ ಅಕ್ಕಿ. ಮಗಳನ್ನು ಮಣ್ಣು ಮಾಡಿ ಬಂದ ದಿನವೂ ಇವಳು ಒಂದು ಹಿಡಿ ತೆಗೆದಿಟ್ಟಿರಬೇಕು.

"ಬಿಡೋಣ ಅನ್ಕೊಂಡೆ. ಕೈ ಕೇಳ್ಲಿಲ್ಲ. ತುಂಬಿದ ಮೇಲೆ ಯಾರಿಗೆ ಕೊಡೋದು ಅಂತ ಇಟ್ಕೊಂಡು ಕೂತಿದೀನಿ. ಯಲ್ಲಮ್ಮನ ಸೊಸೆ ಮಲಗಿದ ಮೇಲೆ ಇದರಿಂದಾನೇ ಗಂಜಿ ಕಾಯಿಸ್ತಿದೀನಿ, ಕ್ಷಾಮಕ್ಕಾಗಲಿ ಕಾಯಿಲೆಗಾಗಲಿ, ದಿಕ್ಕಿಲ್ಲದೋರಿಗೆ ತಾನೇ ಇದು." ಗೋಡೆಯ ಮೇಲಿನ ಮೊರ ತೆಗೆದು ವಿಮಲಮ್ಮನ ಮಡಿಲಿಗೆ ಹಾಕಿದಳು. "ಕ್ಷಮಿಸ್ದೆ ಅಂತ ಬಾಯಲ್ಲಿ ಅನ್ನೋಕೆ ನನಗೆ ಬರೋದಿಲ್ಲ, ಮಾರಾಯ್ತಿ. ದಿನಾ ಬೆಳಿಗ್ಗೆ ಅನ್ನೋಕೆ ಹೋಗ್ತೀನಿ, ಆಗಲ್ಲ. ನೀನು ಅಕ್ಕಿ ಕೇರು."

ವಿಮಲಮ್ಮ ಕೇರಿದಳು. ನುಸಿ ಹಾರಿ ಸೀರೆಯ ಮೇಲೆ, ಕೈಯ ಮೇಲೆ ಕೂತಿತು. ಬಲೆಗಟ್ಟಿದ ಗಂಟುಗಳನ್ನು ಬೆರಳಿನಿಂದ ಬಿಡಿಸಿ, ಹುಳ ತೆಗೆದು, ಮತ್ತೆ ಕೇರಿದಳು. ಒಂದು ಮೊರ ಮುಗಿದರೆ ಚಿನ್ನಮ್ಮ ಇನ್ನೊಂದು ಸುರಿಯುವಳು. ಬಿಸಿಲು ಹೊಸ್ತಿಲು ದಾಟಿ ಒಳಕ್ಕೆ ಬಂತು. ಮೂರನೆಯ ಮೊರವೋ ನಾಲ್ಕನೆಯದೋ, ಇದ್ದಕ್ಕಿದ್ದಂತೆ ವಿಮಲಮ್ಮನ ಕಣ್ಣಿನಿಂದ ನೀರು ಅಕ್ಕಿಯ ಮೇಲೆ ಬಿತ್ತು. ತಡೆಯಲು ಹೋದಳು, ನಿಲ್ಲಲಿಲ್ಲ. ಚಿನ್ನಮ್ಮ ನೋಡಿದಳು, ನೋಡದವಳಂತೆ ಗಂಜಿಯನ್ನು ಚೊಂಬಿಗೆ ಬಗ್ಗಿಸಿಕೊಂಡಳು.

"ಮುಂದಿನ ತಿಂಗಳ ಭೋಜನಕ್ಕೆ ಬರ್ತೀನಿ" ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಕಾಗದ ಬೇಡ. ಎಲ್ಲರೆದುರು ನೀನೇ ಎದ್ದು ನಿಂತು ಹೇಳ್ಬೇಕು, ಬಾಗಿಲಿಗೆ ಬಂದಿದ್ದೆ ಅಂತ. ಅವಳು ಕರೆದ್ಲು ಅಂತಾನೂ."

"ಹೇಳ್ತೀನಿ."

"ಕೆಲಸ ಹೋಗ್ಬಹುದು ನಿನಗೆ."

"ಹೋಗ್ಲಿ."

ಚಿನ್ನಮ್ಮ ಚೊಂಬಿಗೆ ಬಟ್ಟೆ ಸುತ್ತಿದಳು. ಸುತ್ತಿ, ತಾನು ಹೊರಡಲಿಲ್ಲ. ಅವಳ ಕೈ ಸೋತಿತ್ತು. ಆರು ದಿನದಿಂದ ಎರಡು ಮನೆ, ಇಬ್ಬರ ಕಾಯಿಲೆ, ಸರಿಯಾದ ನಿದ್ದೆಯಿಲ್ಲ. ಚೊಂಬನ್ನು ವಿಮಲಮ್ಮನ ಕಡೆ ಚಾಚಿದಳು. ವಿಮಲಮ್ಮನಿಗೆ ಅರ್ಥವಾಯಿತು. ಅರ್ಥವಾದೊಡನೆ ತಾಯಿಯ ಮುಖ ಎದುರಿಗೆ ಬಂತು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಹನ್ನೊಂದು ತಿಂಗಳ ಕಣ್ಣೀರು ಅದನ್ನು ಒಂದು ಕಾಳಿನಷ್ಟೂ ಕರಗಿಸಿರಲಿಲ್ಲ.

"ನನಗೆ ಈಗಲೂ ಹೆದರಿಕೆ ಆಗುತ್ತೆ" ಎಂದಳು.

"ಗೊತ್ತು. ಮುಖ ನೋಡಿದ್ರೇನೇ ಗ್ರಹಚಾರ ಬಡಿದ ಹಾಗಿದೆ. ಚೊಂಬು ಸೆರಗಲ್ಲಿ ಹಿಡ್ಕೊ, ಸುಡುತ್ತೆ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಹಾಕು, ಗಂಟಲೊಳಗೂ ಎದ್ದಿದೆ ಅವಳಿಗೆ. ಬೇವಿನ ಸೊಪ್ಪಲ್ಲಿ ಗಾಳಿ ಹಾಕು, ನೊಣ ಕೂರೋದಿಲ್ಲ. ಕಹಿ ಸೊಪ್ಪು ಅಷ್ಟೇ ಅದು, ನಿನ್ನ ಸಭೆಯೋರಿಗೆ ಹೇಳು."

ವಿಮಲಮ್ಮ ಎದ್ದಳು. ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡಳು. ಯಲ್ಲಮ್ಮನ ಬಾಗಿಲಿಗೆ ನಾಲ್ಕು ಹೆಜ್ಜೆ. ಬಾಡಿದ ಬೇವು ಬಾಗಿಲಿನ ಅರ್ಧಕ್ಕೆ ಜೋತುಬಿದ್ದಿತ್ತು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಲೇಬೇಕು. ಹೊಸ್ತಿಲಿನ ಬಳಿ ಕಾಲು ನಿಂತಿತು. ಕೈಯಲ್ಲಿ ಗಂಜಿ ತುಳುಕಿ ಬೆರಳು ಸುಟ್ಟಿತು.

ಒಳಗಿನ ಕತ್ತಲಿನಿಂದ ಹುಡುಗಿಯ ದನಿ ಬಂತು. ಒಣಗಿದ ದನಿ.

"ಯಾರು?"

ಹಿಂದೆ ಚಿನ್ನಮ್ಮ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದು ತಿರುಗದೆಯೇ ವಿಮಲಮ್ಮನಿಗೆ ಗೊತ್ತಿತ್ತು.

"ನಾನು" ಎಂದಳು. "ನಾನು ವಿಮಲ. ಬಂದೆ."

ತಲೆ ಬಗ್ಗಿಸಿದಳು. ಒಣ ಎಲೆಗಳು ಹಣೆಗೆ, ಕೂದಲಿಗೆ ತಾಗಿ ಉದುರಿದವು. ಒಳಗೆ ಚಾಪೆಯ ಮೇಲಿನ ಮುಖವನ್ನು ಮೊದಲು ನೋಡಲಾಗಲಿಲ್ಲ. ಕೈಯನ್ನು ನೋಡಿದಳು, ಆಮೇಲೆ ಭುಜವನ್ನು, ಆಮೇಲೆ ನೋಡಿದಳು. ಪಕ್ಕದಲ್ಲಿ ಕೂತು ಹುಡುಗಿಯ ತಲೆಯನ್ನು ಮೆಲ್ಲಗೆ ತೊಡೆಯ ಮೇಲೆಳೆದುಕೊಂಡು ಚಮಚ ಬಾಯಿಗಿಟ್ಟಳು. ಮೊದಲನೆಯದು ಹೊರಗೆ ಚೆಲ್ಲಿತು. ಎರಡನೆಯದು ಇಳಿಯಿತು.

ಎಷ್ಟು ಹೊತ್ತಾಯಿತೋ, ಸ್ಟೇಷನ್ನಿನ ಕಡೆಯಿಂದ ಶಿವಮೊಗ್ಗದ ರೈಲು ಕೂಗಿತು. ಗೋಡೆಯಾಚೆಯಿಂದ ಚಿನ್ನಮ್ಮನ ದನಿ ಕೇಳಿಸಿತು, ಮೊರದ ಸದ್ದಿನ ನಡುವೆ.

"ರೈಲು ಹೋಗುತ್ತೆ, ಹೋಗ್ಲಿ. ಚಾಪೆ ಇಲ್ಲಿದೆ. ಸುಗುಣಂದೇ."

ವಿಮಲಮ್ಮ ಇನ್ನೊಂದು ಗುಟುಕು ಕುಡಿಸಿದಳು. ಅವಳ ಒಂದು ಕೈಯಲ್ಲಿ ಚಮಚವಿತ್ತು, ಇನ್ನೊಂದರಲ್ಲಿ ಬೇವಿನ ಸೊಪ್ಪು.